ಹೊಂಗೆ ಡೀಸೆಲ್ ತಿಳಿಯಾಗಲು ಯಾವ ಹೊಟ್ಟಿನ ಬೂದಿ?

ಪ್ರಶ್ನೆ: ಆಲೂರು ತಾಲ್ಲೂಕಿನ ನಾವು 8 ಜನ ರೈತರು ಸೇರಿ ಹೊಂಗೆ ಬೀಜದ ಎಣ್ಣೆ ತೆಗೆಸಿ, ಒಂದು ಸಲಕ್ಕೆ 50 ಲೀಟರಿನಂತೆ ಬಯೋಡೀಸೆಲ್ ಮಾಡಿಕೊಂಡು ಪಂಪ್‌ಸೆಟ್ಟಿಗೂ ಟಿಲ್ಲರಿಗೂ ಬಳಸುತ್ತಿದ್ದೇವೆ. ಇಂಧನವನ್ನು ತೊಳೆದ ನೀರು ಹಾಲಿನಂತೆ ಬರುತ್ತದೆ. ಅದು ಹರಿದು ತೋಟದ ಹೊಂಡಕ್ಕೆ ಸೇರಿ ಮೀನುಗಳು ಸತ್ತವು. ನೀರಿಲ್ಲದೆ ಬೂದಿಯಿಂದಲೇ ಶುದ್ಧ ಮಾಡಬಹುದೆಂದು ಯಾರೋ ಹೇಳಿದ್ದರಿಂದ, ನಮ್ಮಲ್ಲಿ ರಾಶಿ ಬಿದ್ದಿರುವ ಕಾಫಿ ಚೆರ್ರಿಯ ಹೊಟ್ಟನ್ನು ಸುಟ್ಟು ಆ ಬೂದಿಯನ್ನು ಹಾಕಿ ಕಲಕಿದೆವು. ಇಂಧನ ಇನ್ನಷ್ಟು ಕದಡಿತು, ತಳದಲ್ಲಿ ಲೋಳೆ ಕಟ್ಟಿತು. ನಮ್ಮ ತಪ್ಪೇನು? ಭತ್ತದ ಹೊಟ್ಟು, ಅಡಿಕೆ ಸಿಪ್ಪೆ, ತೆಂಗಿನ ನಾರಿನ ಪುಡಿ ಇವುಗಳಲ್ಲಿ ಯಾವುದು ಆಗುತ್ತದೆ? ಶುದ್ಧವಾಯಿತೆಂದು ತಿಳಿಯುವುದು ಹೇಗೆ? ಒಮ್ಮೆ ಬಳಸಿದ ಬೂದಿಯನ್ನು ಮತ್ತೆ ಬಳಸಬಹುದೆ?

ಉತ್ತರ: ತಾವು ಹಿಡಿದ ದಾರಿ ಸರಿಯಾದದ್ದೇ, ಆರಿಸಿದ ಬೂದಿ ಮಾತ್ರ ತಪ್ಪು. ಭತ್ತದ ಹೊಟ್ಟಿನ ಬೂದಿ ಬಯೋಡೀಸೆಲ್ಲಿನ ಕಲ್ಮಶವನ್ನು ತನ್ನ ಮೈಗೆ ಎಳೆದುಕೊಳ್ಳುತ್ತದೆ. ಕಾಫಿ ಹೊಟ್ಟಿನ ಬೂದಿ ತನ್ನದೇ ಕಲ್ಮಶವನ್ನು ಬಯೋಡೀಸೆಲ್ಲಿಗೆ ಸೇರಿಸುತ್ತದೆ. ನೋಟಕ್ಕೆ ಎರಡೂ ಬೂದಿಯೇ ಆದರೂ ರಸಾಯನದ ಲೆಕ್ಕದಲ್ಲಿ ಅವು ಒಂದಕ್ಕೊಂದು ಸಂಬಂಧವಿಲ್ಲದ ಎರಡು ವಸ್ತುಗಳು. ಇದು ಏಕೆ ಹೀಗೆಂದು ತಿಳಿದರೆ ಉಳಿದ ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಸಿಗುತ್ತದೆ. ಆದ್ದರಿಂದ ಸ್ವಲ್ಪ ಹಿಂದಿನಿಂದಲೇ ಆರಂಭಿಸುತ್ತೇನೆ.

ಹೊಂಗೆ ಎಣ್ಣೆಗೆ ಮೆಥನಾಲ್ ಮತ್ತು ಕಾಸ್ಟಿಕ್ ಪೊಟ್ಯಾಷ್ (ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಎಂಬ ತೀಕ್ಷ್ಣ ಕ್ಷಾರ) ಸೇರಿಸಿ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಲಕಿದಾಗ ಎಣ್ಣೆಯ ಅಣು ಒಡೆದು ಮೀಥೈಲ್ ಎಸ್ಟರ್ ಮತ್ತು ಗ್ಲಿಸರಿನ್ ಎಂದು ಬೇರೆಯಾಗುತ್ತದೆ. ಮೇಲೆ ತೇಲುವ ಎಸ್ಟರ್ ನಮ್ಮ ಇಂಧನ. ತಳಕ್ಕೆ ಇಳಿಯುವ, ಜೋನಿಬೆಲ್ಲದಷ್ಟು ಗಟ್ಟಿಯಾದ ಕಂದು ದ್ರವವೇ ಗ್ಲಿಸರಿನ್. ತಳದ ನಲ್ಲಿ ತಿರುಗಿಸಿ ಗ್ಲಿಸರಿನ್ ಬಿಟ್ಟ ಮೇಲೂ ಮೇಲಿನ ಇಂಧನದಲ್ಲಿ ನಾಲ್ಕು ಬಗೆಯ ಕಲ್ಮಶ ಉಳಿದಿರುತ್ತದೆ: ಕರಗಿದ ಸಾಬೂನು, ಕಣ್ಣಿಗೆ ಕಾಣದಷ್ಟು ಗ್ಲಿಸರಿನ್, ಖರ್ಚಾಗದೆ ಉಳಿದ ಮೆಥನಾಲ್, ಮತ್ತು ಪೊಟ್ಯಾಷಿನ ಶೇಷ. ಸಾಬೂನು ಎಲ್ಲಿಂದ ಬಂತೆಂದು ಅನೇಕರು ಕೇಳುತ್ತಾರೆ. ಎಣ್ಣೆಯಲ್ಲಿ ಮೊದಲೇ ಇದ್ದ ಬಿಡಿ ಕೊಬ್ಬಿನಾಮ್ಲ ಪೊಟ್ಯಾಷಿನೊಡನೆ ಸೇರಿದರೆ ಆಗುವುದೇ ಸಾಬೂನು. ತಮ್ಮ 50 ಲೀಟರ್ ಎಣ್ಣೆಯ ತೂಕ ಸುಮಾರು 46 ಕೆಜಿ. ಅದರಲ್ಲಿ ಬಿಡಿ ಆಮ್ಲ ಶೇ. 4ರಷ್ಟಿದ್ದರೆ ಆ ಡ್ರಮ್ಮಿನೊಳಗೆ 2 ಕೆಜಿ ಸಾಬೂನು ತಯಾರಾಗುತ್ತದೆ. ಅದರ ಬಹುಪಾಲು ಗ್ಲಿಸರಿನ್ ಜೊತೆ ಇಳಿದುಹೋಗುತ್ತದೆ, ಇಳಿಯದ್ದು ಇಂಧನದಲ್ಲೇ ನಿಲ್ಲುತ್ತದೆ.

ನೀರಿನಿಂದ ತೊಳೆಯುವುದು ಹಳೆಯ ಕ್ರಮ, ಕೆಟ್ಟ ಕ್ರಮವೇನೂ ಅಲ್ಲ. ಆದರೆ ಒಂದು ಲೀಟರ್ ಇಂಧನಕ್ಕೆ ಒಂದರಿಂದ ಮೂರು ಲೀಟರಿನಷ್ಟು ನೀರು ಬೇಕಾಗುತ್ತದೆ, ಸಾಬೂನು ಹೆಚ್ಚಿದ್ದರೆ ಎಣ್ಣೆಯೂ ನೀರೂ ಮಜ್ಜಿಗೆಯಂತೆ ಬೆರೆತು ದಿನಗಟ್ಟಲೆ ಬೇರ್ಪಡುವುದಿಲ್ಲ. ಮೀನು ಸಾಯಲು ಎರಡು ಕಾರಣಗಳಿವೆ. ಸಾಬೂನು ಮತ್ತು ಕ್ಷಾರ ನೇರವಾಗಿ ಕಿವಿರನ್ನು ಕೆಡಿಸುತ್ತವೆ. ಮೆಥನಾಲ್, ಗ್ಲಿಸರಿನ್‌ಗಳನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿದ್ದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಕಾಫಿ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ನೀರು ಹಳ್ಳಕ್ಕೆ ಬಿಟ್ಟಾಗ ಆಗುವುದೂ ಬಹುಮಟ್ಟಿಗೆ ಇದೇ. ಇನ್ನು ಮುಂದೆ ತೊಳೆದ ನೀರನ್ನು ಯಾವ ಕಾರಣಕ್ಕೂ ಹೊಂಡದ ಕಡೆಗೆ ಹರಿಯಬಿಡಬೇಡಿ.

ಈಗ ಬೂದಿಯ ವಿಚಾರ. ಭತ್ತದ ಗಿಡ ಮಣ್ಣಿನಿಂದ ಸಿಲಿಕಾವನ್ನು (ಮರಳಿನಲ್ಲಿರುವ ಮುಖ್ಯ ವಸ್ತು) ಹೀರಿ ಕಾಳಿನ ಹೊದಿಕೆಯಲ್ಲಿ ತುಂಬಿಡುತ್ತದೆ. ಹೊಟ್ಟು ಅಂಗೈಗೆ ಚುಚ್ಚುವುದು, ದನಗಳು ಅದನ್ನು ಮುಟ್ಟದಿರುವುದು ಈ ಸಿಲಿಕಾದಿಂದಲೇ. ಹೊಟ್ಟನ್ನು ಸುಟ್ಟರೆ ಐದನೆಯ ಒಂದು ಪಾಲು ಬೂದಿಯಾಗಿ ಉಳಿಯುತ್ತದೆ, ಆ ಬೂದಿಯಲ್ಲಿ ಶೇ. 85ರಿಂದ 95ರಷ್ಟು ಸಿಲಿಕಾ. ನಾರಿನ ಭಾಗ ಉರಿದುಹೋದ ಜಾಗವೆಲ್ಲ ಸೂಕ್ಷ್ಮ ರಂಧ್ರಗಳಾಗಿ ಉಳಿಯುವುದರಿಂದ ಒಂದು ಚಿಟಿಕೆ ಬೂದಿಗೆ ಅದರ ಗಾತ್ರಕ್ಕೆ ಮೀರಿದ ಮೇಲ್ಮೈ ಇರುತ್ತದೆ. ಸಿಲಿಕಾದ ಮೇಲ್ಮೈಯಲ್ಲಿ ಆಮ್ಲಜನಕ-ಹೈಡ್ರೋಜನ್ ಜೋಡಿಗಳಿದ್ದು, ಅವು ನೀರನ್ನು ಬಯಸುವ ಅಣುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಗ್ಲಿಸರಿನ್, ಸಾಬೂನು, ಮೆಥನಾಲ್, ತೇವ ಇವೆಲ್ಲವೂ ಆ ಜಾತಿಯವು. ಎಸ್ಟರ್ ಹಾಗಲ್ಲ, ಅದಕ್ಕೆ ನೀರಿನ ಒಲವು ಕಡಿಮೆ. ಆದ್ದರಿಂದ ಅದು ಬೂದಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಸ್ಪಂಜು ನೀರು ಕುಡಿಯುವ ರೀತಿಯ ಹೀರಿಕೆ ಇದಲ್ಲ, ಮೇಲ್ಮೈಗೆ ಅಂಟಿಸಿಕೊಳ್ಳುವ ಕ್ರಿಯೆ. ಪಠ್ಯಗಳಲ್ಲಿ ಇದಕ್ಕೆ ಅಧಿಶೋಷಣೆ ಎನ್ನುತ್ತಾರೆ.

ದೊಡ್ಡ ಘಟಕಗಳು ಇದೇ ಕೆಲಸಕ್ಕೆ ಕೃತಕ ಮೆಗ್ನೀಸಿಯಮ್ ಸಿಲಿಕೇಟನ್ನು ಇಂಧನದ ತೂಕದ ಶೇ. 1ರಷ್ಟು ಬಳಸುತ್ತವೆ. ಬ್ರೆಜಿಲ್‌ನ ಸಂಶೋಧಕರು ಕರಿದ ಎಣ್ಣೆಯಿಂದ ಮಾಡಿದ ಬಯೋಡೀಸೆಲ್ಲಿಗೆ ಭತ್ತದ ಹೊಟ್ಟಿನ ಬೂದಿಯನ್ನು ಶೇ. 4ರಷ್ಟು ಹಾಕಿ ನೋಡಿದಾಗ, ಆ ಕೃತಕ ಪುಡಿಗೂ ಆಮ್ಲ ಬೆರೆಸಿದ ನೀರಿನ ತೊಳೆತಕ್ಕೂ ಹೋಲುವ ಫಲ ಸಿಕ್ಕಿತೆಂದು 2012ರಲ್ಲಿ ಪ್ರಕಟಿಸಿದರು. ನಾಲ್ಕು ಪಟ್ಟು ಹೆಚ್ಚು ಬೇಕೆಂಬುದು ನಿಜವಾದರೂ ಅಕ್ಕಿ ಗಿರಣಿಯ ಹಿತ್ತಲಲ್ಲಿ ಬಿದ್ದಿರುವ ವಸ್ತುವಿಗೆ ಅದೇನೂ ದೊಡ್ಡ ದೋಷವಲ್ಲ.

ಕಾಫಿ ಹೊಟ್ಟಿಗೆ ಬರೋಣ. ಕಾಫಿ ಹಣ್ಣಿನ ಸಿಪ್ಪೆ ಪೊಟ್ಯಾಷಿಯಂ ತುಂಬಿದ ವಸ್ತು, ಅದಕ್ಕೇ ತಾನೆ ನಾವು ಅದನ್ನು ಗೊಬ್ಬರವೆಂದು ಗಿಡದ ಬುಡಕ್ಕೆ ಹಾಕುವುದು. ಸುಟ್ಟಾಗ ಆ ಪೊಟ್ಯಾಷಿಯಂ ಕಾರ್ಬೊನೇಟ್ ಆಗಿ ಉಳಿಯುತ್ತದೆ. ಸೌದೆ ಒಲೆಯ ಬೂದಿಯಿಂದ ಪಾತ್ರೆ ತಿಕ್ಕಿದರೆ ಕೈ ಜಾರುವುದು ಇದೇ ಕ್ಷಾರದಿಂದ: ಜಿಡ್ಡೂ ಕ್ಷಾರವೂ ಸೇರಿ ಅಲ್ಲೇ ಚೂರು ಸಾಬೂನಾಗಿರುತ್ತದೆ. ತಮ್ಮ ಡ್ರಮ್ಮಿನಲ್ಲಿ ನಡೆದದ್ದೂ ಅದೇ. ಉಳಿದಿದ್ದ ಬಿಡಿ ಆಮ್ಲ ಮತ್ತು ತೇವದ ಜೊತೆ ಈ ಬೂದಿ ಹೊಸ ಸಾಬೂನನ್ನು ಹುಟ್ಟಿಸಿತು. ತಳದ ಲೋಳೆ ಆ ಸಾಬೂನೇ. ಬಯೋಡೀಸೆಲ್ಲಿಗೆ ಭಾರತೀಯ ಮಾನಕವಾದ ಐಎಸ್ 15607ರ ಪ್ರಕಾರ ಸೋಡಿಯಂ ಮತ್ತು ಪೊಟ್ಯಾಷಿಯಂ ಎರಡೂ ಸೇರಿ ಒಂದು ಕೆಜಿ ಇಂಧನದಲ್ಲಿ 5 ಮಿಲಿಗ್ರಾಂ ಮೀರಬಾರದು. ಅಷ್ಟು ಬಿಗಿಯಾದ ಮಿತಿಯಿರುವ ಕಡೆ ಪೊಟ್ಯಾಷಿಯಮ್ಮಿನ ಬೂದಿಯನ್ನು ಹಿಡಿಗಟ್ಟಲೆ ಸುರಿದರೆ ಶುದ್ಧಿಯ ಮಾತೇ ಬರುವುದಿಲ್ಲ.

ಯಾವುದೇ ಬೂದಿ ಕೈಗೆ ಬಂದರೂ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಒಂದು ಚಮಚ ಬೂದಿಯನ್ನು ಅರ್ಧ ಲೋಟ ಬಿಸಿನೀರಿಗೆ ಹಾಕಿ, ಕಲಕಿ, ಹತ್ತು ನಿಮಿಷ ಬಿಟ್ಟು ತಿಳಿಯನ್ನು ಬಿಳಿ ಬಟ್ಟಲಿಗೆ ಬಗ್ಗಿಸಿಕೊಳ್ಳಿ. ಅದಕ್ಕೆ ಒಂದು ಚಿಟಿಕೆ ಅರಿಶಿನ ಉದುರಿಸಿ. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದು ನಮಗೆಲ್ಲ ಗೊತ್ತಿರುವ ಸಂಗತಿ. ಕಾಫಿ ಹೊಟ್ಟಿನ ಬೂದಿಯ ತಿಳಿಯಲ್ಲಿ ಅರಿಶಿನ ಓಕುಳಿಯಂತೆ ಕೆಂಪೇರುತ್ತದೆ. ಚೆನ್ನಾಗಿ ತೊಳೆದ ಭತ್ತದ ಹೊಟ್ಟಿನ ಬೂದಿಯಲ್ಲಿ ಹಳದಿಯಾಗಿಯೇ ಉಳಿಯುತ್ತದೆ. ಪಿಎಚ್ ಕಾಗದ ಸಿಕ್ಕಿದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಅರಿಶಿನವೇ ಸಾಕು.

ಭತ್ತದ ಹೊಟ್ಟನ್ನು ಸುಡುವ ಬಗೆಯಲ್ಲಿ ಎಚ್ಚರ ಬೇಕು, ಏಕೆಂದರೆ ಬೂದಿಯ ಗುಣವೆಲ್ಲ ಶಾಖದ ಮೇಲೆ ನಿಂತಿದೆ. 600ರಿಂದ 700 ಡಿಗ್ರಿಯೊಳಗೆ ಸುಟ್ಟರೆ ಸಿಲಿಕಾ ಅಸ್ಫಟಿಕವಾಗಿ, ಅಂದರೆ ರಂಧ್ರಗಳು ಮುಚ್ಚದೆ ಸಡಿಲವಾಗಿ ಉಳಿಯುತ್ತದೆ. 800 ಡಿಗ್ರಿ ದಾಟಿದರೆ ಅದು ನಿಧಾನವಾಗಿ ಸ್ಫಟಿಕರೂಪಕ್ಕೆ ತಿರುಗುತ್ತದೆ, ರಂಧ್ರಗಳು ಬೆಸೆದುಕೊಳ್ಳುತ್ತವೆ. ಅಂಥ ಬೂದಿ ಕಲ್ಮಶವನ್ನು ಹಿಡಿಯುವುದೂ ಕಡಿಮೆ. ಅದರ ದೂಳು ಉಸಿರಿನಲ್ಲಿ ಸೇರಿದರೆ ಶ್ವಾಸಕೋಶಕ್ಕೂ ಅಪಾಯ. ಗಿರಣಿಯ ಬಾಯ್ಲರಿನಲ್ಲಿ ಉರಿ ಎಷ್ಟಿತ್ತೆಂದು ಹೊರಗಿನವರಿಗೆ ತಿಳಿಯುವುದಿಲ್ಲ, ಆದ್ದರಿಂದ ಬಾಯ್ಲರ್ ಬೂದಿಗಿಂತ ಹೊಟ್ಟನ್ನೇ ತಂದು ತಾವೇ ಸುಡುವುದು ಲೇಸು. ನಾನೂ ಒಮ್ಮೆ ಸುಲಭವೆಂದು ಗಿರಣಿಯೊಂದರ ಹಿಂದಿನ ರಾಶಿಯಿಂದ ಎರಡು ಚೀಲ ಬೂದಿ ತುಂಬಿಸಿಕೊಂಡು ಬಂದಿದ್ದೆ. ಮೇಲೆ ಒಣಗಿದಂತಿದ್ದ ರಾಶಿ ಒಳಗೆ ಹಿಂದಿನ ವಾರದ ಮಳೆಯಿಂದ ನೆನೆದಿತ್ತು; ಅರ್ಧಂಬರ್ಧ ಸುಟ್ಟ ಹೊಟ್ಟೂ ಕೆಂಪು ಮಣ್ಣೂ ಅದರಲ್ಲಿ ಬೆರೆತಿದ್ದವು. ಗಾಜಿನ ಬೀಕರಿನಲ್ಲಿ ತಿಳಿಯಾಗಿದ್ದ ಇಂಧನ ಅದನ್ನು ಹಾಕಿದ ಮೇಲೆ ಮಂಜು ಹಿಡಿದಂತಾಯಿತು. ಕಲ್ಮಶ ತೆಗೆಯಲು ಹೋಗಿ ನೀರು ಕುಡಿಸಿದ್ದೆ.

ತಮಗೆ ಬೇಕಾದ ಪ್ರಮಾಣವೇನೂ ಹೆಚ್ಚಿಲ್ಲ. 50 ಲೀಟರ್ ಬಯೋಡೀಸೆಲ್ ಸುಮಾರು 44 ಕೆಜಿ ತೂಗುತ್ತದೆ, ಅದರ ಶೇ. 4 ಎಂದರೆ ಒಂದೂಮುಕ್ಕಾಲು ಕೆಜಿ ಬೂದಿ. ಅಷ್ಟು ಬೂದಿಗೆ 9ರಿಂದ 10 ಕೆಜಿ ಹೊಟ್ಟು ಸಾಕು, ಅಂದರೆ ಅರ್ಧ ಕ್ವಿಂಟಾಲ್ ಭತ್ತ ಮಿಲ್ಲಿಗೆ ಹೋದಾಗ ಬರುವ ಹೊಟ್ಟು. ಮೊದಲು ಗುಡ್ಡೆ ಹಾಕಿ ನಿಧಾನವಾಗಿ ಹೊಗೆಯಾಡುವಂತೆ ಸುಡಿ. ಹಿಂದೆ ಹಲ್ಲುಜ್ಜಲು ಬಳಸುತ್ತಿದ್ದಂಥ ಕಪ್ಪು ಇದ್ದಿಲು ಸಿಗುತ್ತದೆ. ಅದನ್ನು ತಗಡಿನ ಮೇಲೆ ತೆಳುವಾಗಿ ಹರಡಿ ಮತ್ತೆ ಕೆಂಡದ ಶಾಖ ಕೊಟ್ಟರೆ ಇಂಗಾಲ ಕಳೆದು ಬೂದುಬಣ್ಣಕ್ಕೆ ಬರುತ್ತದೆ. ಅಲ್ಲಲ್ಲಿ ಕಪ್ಪು ಉಳಿದರೆ ಚಿಂತೆಯಿಲ್ಲ, ಗಾಳಿ ಊದಿ ಉರಿ ಏರಿಸುವ ಕೆಲಸ ಮಾತ್ರ ಬೇಡ. ತಣಿದ ಬೂದಿಯನ್ನು ಬಿಸಿನೀರಿನಲ್ಲಿ ಎರಡು-ಮೂರು ಸಲ ತೊಳೆದು, ಅರಿಶಿನದ ಪರೀಕ್ಷೆಯಲ್ಲಿ ಗೆದ್ದ ಮೇಲೆ ಒಣಗಿಸಿ, ಬಾಣಲೆಯಲ್ಲಿ ಹುರಿದು, ವಸ್ತ್ರಗಾಳಿತ ಮಾಡಿ. ಹುರಿಯುವಾಗ ಮೇಲೆ ಹಿಡಿದ ತಣ್ಣನೆಯ ಸ್ಟೀಲ್ ತಟ್ಟೆಗೆ ಹಬೆ ಕಟ್ಟುವುದು ನಿಂತರೆ ಬೂದಿ ಒಣಗಿದೆ ಎಂದರ್ಥ. ಬಿಸಿಯಿರುವಾಗಲೇ ಮುಚ್ಚಳ ಬಿಗಿಯಾದ ಡಬ್ಬಿಗೆ ತುಂಬಿಸಿ. ಮಲೆನಾಡಿನ ಮಳೆಗಾಲದಲ್ಲಿ ತೆರೆದಿಟ್ಟ ಬೂದಿ ಗಾಳಿಯ ತೇವವನ್ನೇ ಹೀರಿ ಹೊಟ್ಟೆ ತುಂಬಿಸಿಕೊಂಡಿರುತ್ತದೆ. ಜರಡಿ ಹಿಡಿಯುವಾಗ ಮೂಗು-ಬಾಯಿಗೆ ಮಾಸ್ಕ್ ಕಡ್ಡಾಯ.

ಬೂದಿ ಹಾಕುವ ಮೊದಲು ಎರಡು ಕೆಲಸ ಮುಗಿದಿರಬೇಕು. ಒಂದು, ಇಂಧನ ರಾತ್ರಿಯಿಡೀ ನಿಂತು ಗ್ಲಿಸರಿನ್ ಪೂರ್ತಿ ಇಳಿದಿರಬೇಕು. ಬೂದಿ ಇರುವುದು ಅಳಿದುಳಿದದ್ದಕ್ಕೆ, ತಳದ ಗಸಿಯನ್ನು ಹೊರುವುದಕ್ಕಲ್ಲ. ಎರಡು, ಮೆಥನಾಲ್ ಹೋಗಿರಬೇಕು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಬೂದಿ ಕೆಲಸ ಮಾಡಲಿಲ್ಲವೆಂಬ ದೂರು ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ. ಮೆಥನಾಲ್ ಇರುವವರೆಗೆ ಸಾಬೂನೂ ಗ್ಲಿಸರಿನ್ನೂ ಇಂಧನದಲ್ಲಿ ಆರಾಮವಾಗಿ ಕರಗಿ ಕೂತಿರುತ್ತವೆ. ಮೆಥನಾಲ್ ಹೋದ ಕೂಡಲೇ ಅವುಗಳಿಗೆ ಅಲ್ಲಿ ನೆಲೆಯಿಲ್ಲದಂತಾಗಿ ಬೂದಿಗೆ ಅಂಟಲು ಮುಂದಾಗುತ್ತವೆ. ಮೆಥನಾಲಿನ ಕುದಿಬಿಂದು 64.7 ಡಿಗ್ರಿ. ಡ್ರಮ್ಮನ್ನು 70 ಡಿಗ್ರಿಗೂ ಮೇಲೆ ಬಿಸಿ ಮಾಡಿ, ಆವಿಯನ್ನು ತಣ್ಣೀರಿನಲ್ಲಿ ಮುಳುಗಿದ ತಾಮ್ರದ ಸುರುಳಿ ಕೊಳವೆಯಲ್ಲಿ ಹಾಯಿಸಿ ಹಿಡಿದುಕೊಂಡರೆ ಮುಂದಿನ ಸಲಕ್ಕೆ ಅದೇ ಮೆಥನಾಲ್ ಒದಗುತ್ತದೆ. ತೆರೆದ ಡ್ರಮ್ಮನ್ನು ಸೌದೆ ಒಲೆಯ ಮೇಲಿಟ್ಟು ಇದನ್ನು ಮಾಡಲೇಬೇಡಿ. ಮೆಥನಾಲಿನ ಆವಿ ವಿಷ, ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣಿಸುವುದೂ ಇಲ್ಲ. ಬಿಸಿನೀರಿನ ತೊಟ್ಟಿಯೊಳಗೆ ಡ್ರಮ್ ನಿಲ್ಲಿಸಿ, ಬೆಂಕಿಯನ್ನು ದೂರವಿಟ್ಟು, ಗಾಳಿಯಾಡುವ ಕಡೆ ಮಾಡಿ.

ಬಳಿಕ ಇಂಧನ 60-65 ಡಿಗ್ರಿಯಲ್ಲಿರುವಾಗ ಬೂದಿಯನ್ನು ಉದುರಿಸುತ್ತ 20ರಿಂದ 30 ನಿಮಿಷ ಕಲಕಿ. ಹೆಚ್ಚು ಹೊತ್ತು ಕಲಕಿದರೆ ಹೆಚ್ಚು ಶುದ್ಧವಾಗುವುದಿಲ್ಲ, ಮೇಲ್ಮೈ ತುಂಬಿದ ಮೇಲೆ ಬೂದಿ ಏನನ್ನೂ ಎಳೆಯದು. ರಾತ್ರಿ ಹಾಗೆಯೇ ಬಿಟ್ಟು ತಿಳಿಯನ್ನು ದಪ್ಪ ಕೋರಾ ಬಟ್ಟೆಯ ನಾಲ್ಕು ಮಡಿಕೆಯಲ್ಲಿ ಸೋಸಿ, ಕೊನೆಗೆ 5 ಮೈಕ್ರಾನ್ ಫಿಲ್ಟರಿನಲ್ಲಿ ಹಾಯಿಸಿ. ಈ ಕೊನೆಯ ಸೋಸುವಿಕೆಯಲ್ಲಿ ಜಿಪುಣತನ ಬೇಡ: ಸಿಲಿಕಾ ಎಂದರೆ ಮರಳಿನ ತಮ್ಮ, ಡೀಸೆಲ್ ಪಂಪಿನ ಪ್ಲಂಜರನ್ನೂ ನಾಝಲ್ಲನ್ನೂ ಅದು ಸವೆಸಿಬಿಡುತ್ತದೆ. ಮಾನಕದಲ್ಲೂ ಇಂಧನದೊಳಗಿನ ಘನಕಣಗಳು ಕೆಜಿಗೆ 24 ಮಿಲಿಗ್ರಾಂ ಮೀರಬಾರದೆಂದಿದೆ. ಬೂದಿ ತನ್ನ ತೂಕದಷ್ಟು ಇಂಧನವನ್ನು ತನ್ನಲ್ಲೇ ಉಳಿಸಿಕೊಳ್ಳುತ್ತದೆಯಾದ್ದರಿಂದ ಸಲಕ್ಕೆ ಎರಡು ಲೀಟರ್ ನಷ್ಟವನ್ನು ಲೆಕ್ಕಕ್ಕೆ ಹಿಡಿಯಿರಿ. ನೀರಿನ ತೊಳೆತದಲ್ಲಿ ನೊರೆಯೊಡನೆ ಹೋಗುತ್ತಿದ್ದದ್ದಕ್ಕಿಂತ ಇದು ಹೆಚ್ಚೆಂದು ನನಗೆ ಅನಿಸುವುದಿಲ್ಲ.

ಉಳಿದ ವಸ್ತುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ತೆಂಗಿನ ನಾರಿನ ಪುಡಿಯಲ್ಲಿ ಪೊಟ್ಯಾಷಿಯಂ, ಸೋಡಿಯಂ ಲವಣಗಳು ಸಾಕಷ್ಟಿದ್ದು ನೀರನ್ನೂ ಬಿಡದೆ ಹಿಡಿಯುವುದರಿಂದ ಈ ಕೆಲಸಕ್ಕೆ ನಾನು ಒಪ್ಪುವುದಿಲ್ಲ. ಅದು ನರ್ಸರಿಗೇ ಇರಲಿ. ಅರಸೀಕೆರೆ ಕಡೆಯ ತೆಂಗಿನ ಚಿಪ್ಪಿನಿಂದ ಮಾಡಿದ ಸಕ್ರಿಯ ಇದ್ದಿಲು ಬಣ್ಣವನ್ನೂ ವಾಸನೆಯನ್ನೂ ತಗ್ಗಿಸುತ್ತದೆ, ಆದರೆ ಇಂಗಾಲದ ಮೇಲ್ಮೈಗೆ ಗ್ಲಿಸರಿನ್ ಮೇಲೆ ಸಿಲಿಕಾದಷ್ಟು ಸೆಳೆತವಿಲ್ಲ. ಹೊಂಗೆ ಡೀಸೆಲ್ಲಿನ ಕೆಂಪು ಛಾಯೆ ದೋಷವೇ ಅಲ್ಲ, ಅದರ ಬೆನ್ನು ಹತ್ತಬೇಡಿ. ಕಬ್ಬಿನ ಸಿಪ್ಪೆಯ ಬೂದಿಯಲ್ಲಿ ಸಿಲಿಕಾ ಇದ್ದರೂ ಭತ್ತದಷ್ಟಿಲ್ಲ. ಅಡಿಕೆ ಸಿಪ್ಪೆಯ ನಾರು ಮತ್ತು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಬೀಜದಿಂದ ಕಳಚುವ ಪಾರ್ಚ್‌ಮೆಂಟ್ ಹೊಟ್ಟು, ಇವೆರಡನ್ನು ಮಾತ್ರ ಸುಡದೆ ಬಳಸುವ ದಾರಿಯೊಂದಿದೆ. ಕೆಲವರು ಒಣ ಮರದ ಹೊಟ್ಟನ್ನು ಉದ್ದನೆಯ ಕೊಳವೆಯಲ್ಲಿ ತುಂಬಿ ಬಯೋಡೀಸೆಲ್ಲನ್ನು ಅದರ ಮೂಲಕ ನಿಧಾನವಾಗಿ ಇಳಿಸುತ್ತಾರೆ. ನಾರಿನಲ್ಲಿರುವ ಸೆಲ್ಯುಲೋಸ್ ಗ್ಲಿಸರಿನ್ನನ್ನೂ ಸಾಬೂನನ್ನೂ ತಡೆಯುತ್ತದೆ. ಪಾರ್ಚ್‌ಮೆಂಟ್ ಹೊಟ್ಟೂ ಅದೇ ಜಾತಿಯ ವಸ್ತು. ಚೆನ್ನಾಗಿ ಒಣಗಿಸಿ ಬೂದಿಗೆ ಮೊದಲಿನ ಸೋಸುವ ಹಾಸಾಗಿ ಐದು ಲೀಟರಿನಲ್ಲಿ ಪ್ರಯತ್ನಿಸಿ ನೋಡಬಹುದು, ಬೂದಿಗೆ ಬದಲಾಗಿ ಅಲ್ಲ.

ಶುದ್ಧವಾಯಿತೆಂದು ತಿಳಿಯಲು ಕಣ್ಣನ್ನು ನಂಬಬೇಡಿ. ತಿಳಿಯಾದ ಇಂಧನದಲ್ಲೂ ಸಾಬೂನು ಅಡಗಿರುತ್ತದೆ. ಒರಟು ಪರೀಕ್ಷೆ ಎಂದರೆ ಗಾಜಿನ ಬಾಟಲಿಯಲ್ಲಿ ಅರ್ಧ ನೀರು, ಅರ್ಧ ಇಂಧನ ತುಂಬಿ ಹತ್ತು ಸೆಕೆಂಡು ಬಲವಾಗಿ ಅಲ್ಲಾಡಿಸಿ ಇಡುವುದು. ಕೆಲವೇ ನಿಮಿಷಗಳಲ್ಲಿ ಎರಡೂ ಬೇರೆಯಾಗಿ ನಡುವೆ ಬಿಳಿ ಪದರ ನಿಲ್ಲದಿದ್ದರೆ ಸಾಬೂನು ತೀರಾ ಕಡಿಮೆಯಿದೆ ಎಂದು ತಿಳಿಯಬಹುದು. ಖಚಿತ ಲೆಕ್ಕಕ್ಕೆ ಟೈಟ್ರೇಷನ್ ಬೇಕು. 10 ಗ್ರಾಂ ಇಂಧನವನ್ನು 100 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಕರಗಿಸಿ, ಬಣ್ಣ ಬದಲಿಸಿ ಸೂಚನೆ ಕೊಡುವ ಬ್ರೋಮೊಫೀನಾಲ್ ಬ್ಲೂ ಕೆಲವು ಹನಿ ಹಾಕಿ, 0.01 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಬಿಡುತ್ತ ನೀಲಿ ಹಳದಿಗೆ ತಿರುಗುವ ಗಳಿಗೆಯನ್ನು ಗುರುತಿಸಬೇಕು. ಖರ್ಚಾದ ಪ್ರತಿ 1 ಮಿ.ಲೀ. ಆಮ್ಲಕ್ಕೆ 320 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 320 ಪಾಲು) ಪೊಟ್ಯಾಷಿಯಂ ಸಾಬೂನು ಎಂದು ಲೆಕ್ಕ. ಮಾನಕದ 5 ಮಿಲಿಗ್ರಾಂ ಪೊಟ್ಯಾಷಿಯಂ ಮಿತಿಯನ್ನು ಸಾಬೂನಿಗೆ ತಿರುಗಿಸಿದರೆ 41 ಪಿಪಿಎಂ ಆಗುತ್ತದೆ, ಅಂದರೆ ಎರಡು-ಮೂರು ಹನಿಯಲ್ಲೇ ಬಣ್ಣ ತಿರುಗಬೇಕು. ಹನಿಗಳ ಮಟ್ಟದಲ್ಲಿ ಅಳತೆ ತಪ್ಪುವುದರಿಂದ ಬೂದಿ ಹಾಕಿದ ನಂತರದ ಮಾದರಿಗೆ 10ರ ಬದಲು 100 ಗ್ರಾಂ ಇಂಧನ ತೆಗೆದುಕೊಂಡು, ಆಲ್ಕೊಹಾಲನ್ನೂ ಅದಕ್ಕೆ ತಕ್ಕಂತೆ ಹೆಚ್ಚಿಸಿಕೊಳ್ಳಿ. ಆಗ ಮಿತಿ 1.3 ಮಿ.ಲೀ. ಹತ್ತಿರ ಬರುತ್ತದೆ. ಹತ್ತಿರದ ಪದವಿ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಇದಕ್ಕೆ ಬೇಕಾದ ಬ್ಯೂರೆಟ್ (ಹನಿಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆ) ಖಂಡಿತ ಇರುತ್ತದೆ, ಒಂದು ಮಧ್ಯಾಹ್ನ ಕೂತರೆ ಕಲಿಯಬಹುದಾದ ಕೆಲಸ.

ಬೂದಿಯಿಂದ ಆಗದ ಕೆಲಸವೂ ಇದೆ. ಕ್ರಿಯೆ ಪೂರ್ತಿಯಾಗದೆ ಉಳಿದ ಎಣ್ಣೆಯನ್ನು ಯಾವ ಬೂದಿಯೂ ಎಳೆಯದು. 27 ಮಿ.ಲೀ. ಮೆಥನಾಲಿಗೆ 3 ಮಿ.ಲೀ. ಇಂಧನ ಹಾಕಿ ಅಲ್ಲಾಡಿಸಿ. ತಳದಲ್ಲಿ ಎಣ್ಣೆಯ ಹನಿ ನಿಂತರೆ ಎಣ್ಣೆ ಉಳಿದಿದೆಯೆಂದೇ ಅರ್ಥ. ಆಗ ಮತ್ತೊಮ್ಮೆ ಮೆಥನಾಲ್, ಪೊಟ್ಯಾಷ್ ಕೊಟ್ಟು ಕ್ರಿಯೆಯನ್ನೇ ಮುಗಿಸಬೇಕು. ಹಾಗೆಯೇ ಸಾಬೂನು ವಿಪರೀತವಿದ್ದರೆ ಬೂದಿಯನ್ನು ಹೆಚ್ಚಿಸುತ್ತ ಹೋಗುವುದು ಪರಿಹಾರವಲ್ಲ, ಎಣ್ಣೆಯ ಕಡೆಗೆ ತಿರುಗಬೇಕು. ಹೊಂಗೆ ಬೀಜ ಮಳೆಗೆ ಸಿಕ್ಕಿ, ಚೀಲದಲ್ಲಿ ಬೆವರಿ ಕೂತಷ್ಟೂ ಬಿಡಿ ಆಮ್ಲ ಏರುತ್ತದೆ. ಅದು ಶೇ. 2 ದಾಟಿದ್ದರೆ ನೇರವಾಗಿ ಪೊಟ್ಯಾಷ್ ಹಾಕದೆ, ಮೊದಲು ಸಲ್ಫ್ಯೂರಿಕ್ ಆಮ್ಲ ಮತ್ತು ಮೆಥನಾಲಿನಿಂದ ಆ ಬಿಡಿ ಆಮ್ಲವನ್ನೇ ಎಸ್ಟರ್ ಮಾಡಿಕೊಳ್ಳುವುದು ಕ್ರಮ. ಈ ಹಂತದ ಪ್ರಮಾಣಗಳನ್ನು ಎಣ್ಣೆಯನ್ನು ಪರೀಕ್ಷಿಸದೆ ಬರೆದುಕೊಡುವುದು ಸರಿಯಲ್ಲ. ಹಾಸನದ ಬಳಿ ಮಡೇನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಇದೆ, ಹೊಂಗೆ, ಬೇವು, ಹಿಪ್ಪೆಯ ಎಣ್ಣೆಗಳ ಕೆಲಸ ಅಲ್ಲಿ ನಡೆದುಬಂದಿದೆ. ಎಣ್ಣೆಯ ಮಾದರಿಯೊಂದಿಗೆ ಹೋಗಿ ವಿಚಾರಿಸಿ, ತಮ್ಮ ಊರಿಗೆ ಅದೇನೂ ದೂರವಲ್ಲ. ಸ್ವಂತ ಪಂಪ್‌ಸೆಟ್ಟಿನ ಮಟ್ಟಿಗೆ ಮೇಲಿನ ಪರೀಕ್ಷೆಗಳು ಸಾಕು. ಮಾರುವ ಯೋಚನೆಯಿದ್ದರೆ ಐಎಸ್ 15607ರ ಎಲ್ಲ ಅಂಶಗಳ ಪ್ರಯೋಗಾಲಯ ವರದಿಯೂ ಸರ್ಕಾರದ ಅನುಮತಿಯೂ ಬೇಕಾಗುತ್ತವೆ.

ಕೊನೆಯ ಪ್ರಶ್ನೆ, ಬಳಸಿದ ಬೂದಿಯನ್ನು ಮತ್ತೆ ಬಳಸುವ ಬಗ್ಗೆ. ಮತ್ತೆ ಸುಟ್ಟರೆ ಅಂಟಿದ ಗ್ಲಿಸರಿನ್ನೂ ಎಣ್ಣೆಯೂ ಉರಿದುಹೋಗುತ್ತವೆ, ಆದರೆ ಸಾಬೂನಿನಲ್ಲಿದ್ದ ಪೊಟ್ಯಾಷಿಯಂ ಉರಿಯುವುದಿಲ್ಲ. ಅದು ಬೂದಿಯಲ್ಲೇ ಸೇರಿ, ಶಾಖಕ್ಕೆ ಸಿಲಿಕಾವನ್ನು ಬೇಗ ಮೆತ್ತಗಾಗಿಸಿ ರಂಧ್ರಗಳನ್ನು ಮುಚ್ಚುತ್ತದೆ. ಎರಡು-ಮೂರು ಸುತ್ತಿನಲ್ಲಿ ತಮ್ಮ ಭತ್ತದ ಬೂದಿಯೂ ಕಾಫಿ ಬೂದಿಯ ಗುಣಕ್ಕೇ ಬಂದಿರುತ್ತದೆ. ಹೊಟ್ಟಿಗೆ ಬರವಿಲ್ಲದ ನಮ್ಮ ಕಡೆ ಆ ಶ್ರಮ ದಂಡ. ಬಳಸಿದ ಬೂದಿಯನ್ನು ಗೋಣಿಚೀಲದಲ್ಲಿ ಕಟ್ಟಿ ಮೂಲೆಗೆ ಎಸೆಯಬೇಡಿ, ಎಣ್ಣೆ ಕುಡಿದ ನಾರು-ಗೋಣಿಗಳು ರಾಶಿಯಾಗಿದ್ದರೆ ಒಳಗೇ ಕಾವು ಏರಿ ತಾವಾಗಿ ಹೊತ್ತಿಕೊಳ್ಳುವುದುಂಟು. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಟ್ಟು, ತಾವು ಸುಟ್ಟು ನೋಡಿದ ಅದೇ ಕಾಫಿ ಹೊಟ್ಟನ್ನು ಸಗಣಿ, ದರಗಿನೊಡನೆ ಕಾಂಪೋಸ್ಟ್ ಹಾಕುವಾಗ ಪದರಕ್ಕೊಂದು ಹಿಡಿಯಂತೆ ತೆಳುವಾಗಿ ಉದುರಿಸಿ. ಸಾಬೂನಿನ ಪೊಟ್ಯಾಷಿಯಂ ಗಿಡದ ಬುಡ ಸೇರುತ್ತದೆ, ಗ್ಲಿಸರಿನ್ ಕಾಂಪೋಸ್ಟಿನ ಜೀವಾಣುಗಳಿಗೆ ಆಹಾರವಾಗುತ್ತದೆ.